ಕೋಟೆ ಸೂರೆ ಹೋಗುವ ಮೊದಲೇ ದಿಡ್ಡಿ ಬಾಗಿಲು ಹುಡುಕಿ

ಕೊಲ್ಹಾಪುರ: ಅದು 2018ರ ಆಗಸ್ಟ್ 11. ಎರಡನೇ ಶನಿವಾರ, ಬ್ಯಾಂಕುಗಳಿಗೆ ರಜೆ. ಅಂದು ಕೊಲ್ಹಾಪುರದ ಕೆಲವು ಎಟಿಎಂಗಳಲ್ಲಿ ಒಂದಷ್ಟು ಜನ ಒಂದಾದ ಮೇಲೊಂದು ಕಾರ್ಡ್ ತೂರಿಸಿ ಹಣ ತೆಗೆದುಕೊಂಡು ಹೋದರು. ಕಾರ್ಡುಗಳು ನಕಲಿ, ಹೊರಬಂದ ನೋಟುಗಳು ಅಸಲಿ. ತನಿಖೆಯ ಪ್ರಕಾರ ಕೊಲ್ಹಾಪುರ ಒಂದರಲ್ಲೇ ಹೀಗೆ ಹೋದ ಹಣ ಸುಮಾರು 89 ಲಕ್ಷ ರೂಪಾಯಿ.

ಕನ್ನ ಬಿದ್ದದ್ದು ಮಾತ್ರ ಇಲ್ಲಲ್ಲ, ಪುಣೆಯಲ್ಲಿ. 1906ರಲ್ಲಿ ಹುಟ್ಟಿದ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಯೊಳಗೆ ಕಳ್ಳರು ನುಗ್ಗಿದ್ದರು. ಅದೇ ಶನಿವಾರ 28 ದೇಶಗಳ ಎಟಿಎಂಗಳಿಂದ ಸುಮಾರು 12,000 ವ್ಯವಹಾರಗಳಲ್ಲಿ 78 ಕೋಟಿ ರೂಪಾಯಿ ಹೋಯಿತು. ಭಾರತದೊಳಗೆ 2,800ಕ್ಕೂ ಹೆಚ್ಚು ವ್ಯವಹಾರಗಳಲ್ಲಿ 2.5 ಕೋಟಿ ಹೋಯಿತು. ಆಗಸ್ಟ್ 13ರ ಸೋಮವಾರ ಸ್ವಿಫ್ಟ್ ಜಾಲದ ಮೂಲಕ ಮತ್ತೆ 13.92 ಕೋಟಿ ಹಾಂಗ್‌ಕಾಂಗ್‌ಗೆ ಹಾರಿತು. ಒಟ್ಟು ನಷ್ಟ 94.42 ಕೋಟಿ ರೂಪಾಯಿ.

2023ರ ಏಪ್ರಿಲ್‌ನಲ್ಲಿ ಪುಣೆಯ ನ್ಯಾಯಾಲಯ ಈ ಪ್ರಕರಣದಲ್ಲಿ 11 ಜನರಿಗೆ ಜೈಲು ಶಿಕ್ಷೆ ವಿಧಿಸಿತು. ಆದರೆ ಸರ್ವರ್ ಒಳಗೆ ನುಗ್ಗಿದ ಕೈಗಳು ಬೇರೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ 2019ರಲ್ಲಿ ಸಲ್ಲಿಕೆಯಾದ ತಜ್ಞರ ವರದಿ ಈ ಕಳವಿನ ಹಿಂದೆ ಉತ್ತರ ಕೊರಿಯಾದತ್ತ ಬೆರಳು ಮಾಡಿತು.

ಇಂಥ ಕನ್ನದ ಜಾಗವನ್ನು ಕಳ್ಳನಿಗಿಂತ ಮೊದಲೇ ನಾವೇ ಹುಡುಕಲು ಆಗುವುದಿಲ್ಲವೇ? ಆಗುತ್ತದೆ. ಅದಕ್ಕೊಂದು ಶಾಸ್ತ್ರವೇ ಬೆಳೆದಿದೆ. ಅದು ಏನು, ಹೇಗೆ ನಡೆಯುತ್ತದೆ, ಇಚಲಕರಂಜಿಯ ಮಗ್ಗದ ಮಾಲೀಕರಿಗೂ ಗಡಹಿಂಗ್ಲಜದ ಅಡತಿ ವ್ಯಾಪಾರಿಗೂ ಅದರಿಂದ ಏನು ಉಪಯೋಗ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನಮ್ಮಲ್ಲಿ ಕದಿಯುವಂಥದ್ದೇನಿದೆ?

ಸಣ್ಣ ಉದ್ಯಮಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಶಿರೋಳಿ, ಗೋಕುಲ ಶಿರಗಾಂವದ ಫೌಂಡ್ರಿಗಳಲ್ಲಿ ಗ್ರಾಹಕರು ಕಳಿಸಿದ ನಕ್ಷೆಗಳಿವೆ. ಇಚಲಕರಂಜಿಯ ವಿದ್ಯುತ್ ಮಗ್ಗದ ಕಾರ್ಖಾನೆಗಳಲ್ಲಿ ನೂಲಿನ ಲೆಕ್ಕ, ಜಿಎಸ್‌ಟಿ ಬಿಲ್ಲು, ಕಾರ್ಮಿಕರ ಪಗಾರ ಪಟ್ಟಿ ಇವೆ. ಹುಪರಿಯ ಬೆಳ್ಳಿ ವ್ಯಾಪಾರಿಯ ಬಳಿ ಯಾರಿಗೆ ಎಷ್ಟು ಮಾಲು ಕೊಟ್ಟೆ ಎಂಬ ಲೆಕ್ಕವಿದೆ. ಗಡಹಿಂಗ್ಲಜದ ಬೆಲ್ಲ, ಮೆಣಸಿನಕಾಯಿ ಪೇಟೆಯಲ್ಲಿ ರೈತರ ಬಾಕಿ ಲೆಕ್ಕವಿದೆ. ಊರೂರಿನ ಪತ್ತಿನ ಸಂಘಗಳಲ್ಲಿ, ಅಂದರೆ ನಾವೆಲ್ಲ ಪತಸಂಸ್ಥೆ ಎಂದು ಕರೆಯುವಲ್ಲಿ, ಸದಸ್ಯರ ಠೇವಣಿ ಇದೆ.

ಇವುಗಳನ್ನು ಕದ್ದು ಮಾರಬೇಕೆಂದೇನೂ ಇಲ್ಲ, ಬೀಗ ಹಾಕಿದರೆ ಸಾಕು. ರ‍್ಯಾನ್ಸಮ್‌ವೇರ್ ಮಾಡುವ ಕೆಲಸ ಅದೇ. ಕಂಪ್ಯೂಟರಿನ ಕಡತಗಳನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳುತ್ತದೆ. 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ ವಾನಾಕ್ರೈ ಯಾವ ಊರು, ಯಾವ ಅಂಗಡಿ ಎಂದು ಆರಿಸಿಕೊಂಡು ಹೋಗಲಿಲ್ಲ. ವಿಂಡೋಸ್‌ನ ಒಂದು ದೋಷ ಎಲ್ಲಿ ಮುಚ್ಚಿರಲಿಲ್ಲವೋ ಅಲ್ಲೆಲ್ಲ ನುಗ್ಗಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಬಿಡುಗಡೆ ಮಾಡಿತ್ತು. ಎರಡು ತಿಂಗಳು ಸಮಯವಿದ್ದರೂ ಹಚ್ಚದವರು ಸಿಕ್ಕಿಬಿದ್ದರು.

ಮೂರು ಕೆಲಸ, ಮೂರು ಹೆಸರು

ಭದ್ರತಾ ಪರೀಕ್ಷೆ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕೆಲಸಗಳನ್ನು ಜನ ಬೆರೆಸುತ್ತಾರೆ. ಇಚಲಕರಂಜಿಯವರಿಗೆ ಬಟ್ಟೆಯ ಉದಾಹರಣೆಯೇ ಸುಲಭ.

ಮೊದಲನೆಯದು ಆಡಿಟ್. ಕಾರ್ಖಾನೆಯಲ್ಲಿ ತಪಾಸಣೆಯ ರಿಜಿಸ್ಟರ್ ಇದೆಯೇ, ಅದರಲ್ಲಿ ದಿನವೂ ಸಹಿ ಬಿದ್ದಿದೆಯೇ ಎಂದು ನೋಡುವುದು. ಕಂಪ್ಯೂಟರಿನ ವಿಷಯದಲ್ಲಿ ನಿಯಮಗಳಿವೆಯೇ, ಪಾಲನೆಯಾಗುತ್ತಿವೆಯೇ ಎಂದು ನೋಡುವುದು.

ಎರಡನೆಯದು ವಲ್ನರಬಿಲಿಟಿ ಅಸೆಸ್‌ಮೆಂಟ್, ಅಂದರೆ ದೌರ್ಬಲ್ಯಗಳ ಪಟ್ಟಿ ಮಾಡುವುದು. ಬಟ್ಟೆಯ ಥಾನನ್ನು ಮೇಜಿನ ಮೇಲೆ ಹಾಸಿ, ಎಲ್ಲಿ ಹಾಸಿನ ಎಳೆ ಕಡಿದಿದೆ, ಎಲ್ಲಿ ಹೊಕ್ಕು ತಪ್ಪಿದೆ ಎಂದು ಒಂದೊಂದಕ್ಕೂ ಗುರುತು ಹಾಕಿದ ಹಾಗೆ.

ಮೂರನೆಯದು ಪೆನೆಟ್ರೇಷನ್ ಟೆಸ್ಟಿಂಗ್. ಗುರುತು ಹಾಕಿದ ಜಾಗದಲ್ಲಿ ಬಟ್ಟೆಯನ್ನು ಎರಡೂ ಕಡೆ ಹಿಡಿದು ಎಳೆದು, ಹರಿಯುತ್ತದೆಯೇ ಎಂದು ನೋಡುವುದು. ಪರೀಕ್ಷಕ ಮಾಲೀಕನ ಅಪ್ಪಣೆ ಪಡೆದು, ಕಳ್ಳನ ಹಾಗೆಯೇ ಒಳಗೆ ನುಗ್ಗಲು ಪ್ರಯತ್ನಿಸುತ್ತಾನೆ.

ಪಟ್ಟಿ ಅಗಲವಾಗಿ ನೋಡುತ್ತದೆ, ಎಳೆಯುವ ಪರೀಕ್ಷೆ ಆಳವಾಗಿ ನೋಡುತ್ತದೆ. ಒಂದು ಇದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಅಪ್ಪಣೆ ಎಂದೆವಲ್ಲ, ಅದು ಬಾಯಿಮಾತಿನ ಅಪ್ಪಣೆಯಾದರೆ ಸಾಲದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಂ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ಒಳಗೆ ಹೋದವರು ನಷ್ಟಪರಿಹಾರ ಕೊಡಬೇಕು. ದುರುದ್ದೇಶದಿಂದ ಹಾಗೆ ಮಾಡಿದರೆ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಪಕ್ಕದ ಅಂಗಡಿಯ ವೆಬ್‌ಸೈಟಿನಲ್ಲಿ ತೂತು ಹುಡುಕಿ ಉಪಕಾರ ಮಾಡುತ್ತೇನೆ ಎಂದು ಹೊರಡುವ ಕಾಲೇಜು ಹುಡುಗರು ಇದನ್ನು ನೆನಪಿಡಬೇಕು.

ಕಾಗದದಲ್ಲಿ ಇರಬೇಕಾದದ್ದು ಇಷ್ಟು: ಯಾವ ಯಂತ್ರಗಳನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು, ಯಾವ ದಿನ, ಯಾವ ವೇಳೆ, ಏನಾದರೂ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಸಿಕ್ಕ ಮಾಹಿತಿಯನ್ನು ಪರೀಕ್ಷಕರು ಎಷ್ಟು ದಿನ ಇಟ್ಟುಕೊಳ್ಳಬಹುದು.

ವೇಳೆಯ ಮಾತು ಸಣ್ಣದಲ್ಲ. ಪಗಾರ ಹಂಚುವ ದಿನ, ಜಿಎಸ್‌ಟಿ ತುಂಬುವ ಕೊನೆಯ ದಿನ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಇವೆಲ್ಲ ಪರೀಕ್ಷೆಗೆ ತಕ್ಕ ಕಾಲವಲ್ಲ. ಫೌಂಡ್ರಿಯಲ್ಲಿ ಕುಲುಮೆಗೆ ಜೋಡಿಸಿದ ಹಳೆಯ ಕಂಪ್ಯೂಟರುಗಳು ಜೋರಾದ ಸ್ಕ್ಯಾನ್‌ಗೇ ನಿಂತುಹೋಗಬಹುದು. ಕರಗಿದ ಲೋಹ ಕುಲುಮೆಯಲ್ಲಿರುವಾಗ ಅದು ಆಗಬಾರದು. ಅಂಥ ಯಂತ್ರಗಳನ್ನು ಕೆಲಸ ನಿಂತಾಗ, ನಿಧಾನವಾಗಿ, ತಿಳಿದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡಬೇಕು.

ನಿಮ್ಮ ಮನೆಗೆ ಬಾಗಿಲೆಷ್ಟು?

ಅಪ್ಪಣೆ ಸಿಕ್ಕ ಮೇಲೆ ಮೊದಲ ಕೆಲಸ ಎಣಿಸುವುದು. ಎಷ್ಟು ಕಂಪ್ಯೂಟರ್, ಎಷ್ಟು ಸರ್ವರ್, ಎಷ್ಟು ರೂಟರ್? ಸಿಸಿಟಿವಿಯ ಡಬ್ಬಿ ಇಂಟರ್‌ನೆಟ್‌ಗೆ ಜೋಡಿಸಿದೆಯೇ? ಮೂರು ವರ್ಷದ ಹಿಂದೆ ಯಾರೋ ಮಾಡಿಕೊಟ್ಟ ವೆಬ್‌ಸೈಟ್ ಈಗ ಯಾರ ಕೈಯಲ್ಲಿದೆ?

ಇದಕ್ಕೆ ಬಳಸುವ ಉಪಕರಣಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಎನ್‌ಮ್ಯಾಪ್. 1997ರಲ್ಲಿ ಗಾರ್ಡನ್ ಲಯನ್ ಇದನ್ನು ಬಿಡುಗಡೆ ಮಾಡಿದರು. ಈಗಲೂ ಉಚಿತವಾಗಿ ಸಿಗುತ್ತದೆ. ಒಂದು ಜಾಲದಲ್ಲಿ ಯಾವ ಯಂತ್ರಗಳು ಜೀವಂತ ಇವೆ, ಯಾವ ಯಂತ್ರದಲ್ಲಿ ಯಾವ ಪೋರ್ಟ್, ಅಂದರೆ ಯಾವ ಬಾಗಿಲು, ತೆರೆದಿದೆ ಎಂದು ಅದು ತಟ್ಟಿ ನೋಡಿ ಹೇಳುತ್ತದೆ.

ನಮ್ಮ ಪನ್ಹಾಳಗಡವನ್ನೇ ನೆನೆಸಿಕೊಳ್ಳಿ. 1660ರಲ್ಲಿ ಸಿದ್ದಿ ಜೌಹರನ ಸೈನ್ಯ ತಿಂಗಳುಗಟ್ಟಲೆ ಕೋಟೆಗೆ ಮುತ್ತಿಗೆ ಹಾಕಿ ಕುಳಿತಿತ್ತು. ಅಷ್ಟು ಕಾವಲಿದ್ದರೂ ಶಿವಾಜಿ ಮಹಾರಾಜರು ಮಳೆಗಾಲದ ಒಂದು ರಾತ್ರಿ ರಾಜದಿಂಡಿಯ ದಾರಿಯಿಂದ ಹೊರಬಿದ್ದು ವಿಶಾಳಗಡದ ಹಾದಿ ಹಿಡಿದರು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಮರಾಠಿಯ ದಿಂಡಿ, ಕನ್ನಡದ ದಿಡ್ಡಿ ಎರಡೂ ಸಣ್ಣ ಬಾಗಿಲೇ. ಕಾವಲಿನವರ ಕಣ್ಣು ಮಹಾದ್ವಾರದ ಮೇಲಿರುತ್ತದೆ, ಆಟ ನಡೆಯುವುದು ದಿಡ್ಡಿಯಲ್ಲಿ.

ಕಚೇರಿಗಳಲ್ಲಿ ಹೀಗೆ ಸಿಗುವ ದಿಡ್ಡಿಗಳು ಬಹುತೇಕ ಒಂದೇ ಬಗೆಯವು. ಮನೆಯಿಂದಲೇ ಲೆಕ್ಕ ನೋಡಲೆಂದು ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪ್. ಕಂಪನಿಯಿಂದ ಬಂದಾಗ ಇದ್ದ ಪಾಸ್‌ವರ್ಡ್ ಬದಲಿಸದ ರೂಟರ್ ಮತ್ತು ಸಿಸಿಟಿವಿ. ಕೆಲಸ ಬಿಟ್ಟುಹೋದ ಗುಮಾಸ್ತನ ಹೆಸರಿನಲ್ಲಿ ಇನ್ನೂ ನಡೆಯುತ್ತಿರುವ ಲಾಗಿನ್. ತಯಾರಕರು ಕೈಬಿಟ್ಟ ವಿಂಡೋಸ್. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಅಂಥ ಯಂತ್ರ ಚೆನ್ನಾಗಿ ಓಡುತ್ತಿದ್ದರೂ ಹೊಸ ತೂತು ಸಿಕ್ಕಾಗ ತೇಪೆ ಹಚ್ಚುವವರಿಲ್ಲ.

ಪಟ್ಟಿ ಮಾಡುವ ಯಂತ್ರ

ಬಾಗಿಲುಗಳನ್ನು ಎಣಿಸಿದ ಮೇಲೆ ಒಂದೊಂದರ ಗಟ್ಟಿತನ ನೋಡಬೇಕು. ನೆಸಸ್, ಓಪನ್‌ವಾಸ್ ಮೊದಲಾದ ಸ್ಕ್ಯಾನರ್‌ಗಳು ಈ ಕೆಲಸ ಮಾಡುತ್ತವೆ. ಯಂತ್ರದಲ್ಲಿರುವ ತಂತ್ರಾಂಶ ಯಾವುದು, ಯಾವ ಆವೃತ್ತಿ ಎಂದು ನೋಡಿ, ಜಗತ್ತಿಗೆ ಈಗಾಗಲೇ ತಿಳಿದಿರುವ ದೋಷಗಳ ಪಟ್ಟಿಯೊಂದಿಗೆ ಹೋಲಿಸುತ್ತವೆ.

ಆ ಪಟ್ಟಿಯ ಹೆಸರು ಸಿವಿಇ. 1999ರಿಂದ ಅಮೆರಿಕದ ಮೈಟರ್ ಸಂಸ್ಥೆ ಅದನ್ನು ನಡೆಸುತ್ತಿದೆ. ಬಹಿರಂಗವಾದ ಪ್ರತಿ ದೋಷಕ್ಕೂ ವರ್ಷ ಸೇರಿಸಿ ಒಂದು ಸಂಖ್ಯೆ. ದೋಷದ ಗಂಭೀರತೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ಪದ್ಧತಿಯೂ ಇದೆ. ಒಂಬತ್ತು ಮತ್ತು ಅದಕ್ಕೂ ಮೇಲೆ ಬಂದರೆ ಅತಿ ಗಂಭೀರ ಎಂದರ್ಥ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಸ್ಕ್ಯಾನರ್ ಹೊರಗಿನಿಂದಷ್ಟೇ ನೋಡಿದರೆ ಊಹೆ ಹೆಚ್ಚು. ಲಾಗಿನ್ ಕೊಟ್ಟು ಒಳಗಿನಿಂದಲೂ ನೋಡಲು ಬಿಟ್ಟರೆ ನಿಜ ಚಿತ್ರ ಸಿಗುತ್ತದೆ. ಎರಡು, ಅಂಕವನ್ನು ಕಣ್ಣುಮುಚ್ಚಿ ನಂಬಬಾರದು. ಯಾವ ಜಾಲಕ್ಕೂ ಜೋಡಿಸದ ಮೂಲೆಯ ಯಂತ್ರದಲ್ಲಿ ಒಂಬತ್ತು ಅಂಕದ ದೋಷ ಇರಬಹುದು. ಇಂಟರ್‌ನೆಟ್‌ಗೆ ತೆರೆದ ಯಂತ್ರದಲ್ಲಿ ಆರು ಅಂಕದ ದೋಷ ಇರಬಹುದು. ಮೊದಲು ಮುಚ್ಚಬೇಕಾದದ್ದು ಎರಡನೆಯದನ್ನೇ. ಕಳ್ಳರು ಈಗಾಗಲೇ ಬಳಸುತ್ತಿರುವುದು ಖಚಿತವಾದ ದೋಷಗಳ ಒಂದು ಪಟ್ಟಿಯನ್ನು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ 2021ರ ನವೆಂಬರ್‌ನಿಂದ ಪ್ರಕಟಿಸುತ್ತಿದೆ. ನಿಮ್ಮ ವರದಿಯಲ್ಲಿರುವ ದೋಷ ಆ ಪಟ್ಟಿಯಲ್ಲೂ ಇದ್ದರೆ ನಾಳೆಗೆ ಇಡಬೇಡಿ.

ಎಳೆದು ನೋಡುವ ಮನುಷ್ಯ

ಯಂತ್ರಕ್ಕೆ ಕಾಣುವುದು ಜಗತ್ತಿಗೆ ಗೊತ್ತಿರುವ ದೋಷ. ನಿಮ್ಮ ವ್ಯವಹಾರಕ್ಕೇ ಸೀಮಿತವಾದ ದೋಷ ಅದಕ್ಕೆ ಕಾಣುವುದಿಲ್ಲ. ಅಲ್ಲಿಗೆ ಮನುಷ್ಯನೇ ಬೇಕು.

ಒಂದು ಉದಾಹರಣೆ ತೆಗೆದುಕೊಳ್ಳಿ. ಬಟ್ಟೆ ವ್ಯಾಪಾರಿಯೊಬ್ಬರು ತಮ್ಮ ಗ್ರಾಹಕರು ಬಿಲ್ಲು ನೋಡಲೆಂದು ವೆಬ್‌ಸೈಟ್ ಮಾಡಿಸಿದ್ದಾರೆ ಎನ್ನೋಣ. ಗ್ರಾಹಕ ಲಾಗಿನ್ ಆಗಿ ತನ್ನ ಬಿಲ್ಲು ತೆರೆದಾಗ ವಿಳಾಸದ ಪಟ್ಟಿಯಲ್ಲಿ ಬಿಲ್ ಸಂಖ್ಯೆ 1041 ಎಂದು ಕಾಣುತ್ತದೆ. ಆತ ಅದನ್ನು 1042 ಎಂದು ತಿದ್ದಿದರೆ? ಬೇರೆಯವರ ಬಿಲ್ಲು, ಅವರಿಗೆ ಕೊಟ್ಟ ದರ, ಅವರ ಬಾಕಿ ಎಲ್ಲವೂ ತೆರೆದುಕೊಂಡರೆ ಅದು ದೊಡ್ಡ ದೋಷ. ಆದರೆ ತಂತ್ರಾಂಶ ಹೊಸದು, ತೇಪೆಗಳೆಲ್ಲ ಹಚ್ಚಿವೆ, ಸ್ಕ್ಯಾನರ್ ವರದಿಯಲ್ಲಿ ಎಲ್ಲವೂ ಹಸಿರು. ವೆಬ್ ಭದ್ರತೆಯ ಒವಾಸ್ಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹತ್ತು ಪ್ರಮುಖ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಈ ಜಾತಿಯ ದೋಷಕ್ಕೇ ಸಿಕ್ಕಿತು. ಯಾರು ಏನನ್ನು ನೋಡಬಹುದು ಎಂಬ ಕಟ್ಟುಪಾಡು ಮುರಿದಿರುವುದು ಎಂದು ಅದರ ಅರ್ಥ.

ಪರೀಕ್ಷಕನಿಗೆ ಎಷ್ಟು ಮಾಹಿತಿ ಕೊಡುತ್ತೀರಿ ಎಂಬುದರ ಮೇಲೆ ಪರೀಕ್ಷೆಯ ಬಗೆ ನಿಲ್ಲುತ್ತದೆ. ಏನೂ ಹೇಳದೆ ಹೊರಗಿನವನಂತೆ ಬಿಟ್ಟರೆ ಬ್ಲ್ಯಾಕ್ ಬಾಕ್ಸ್. ನಕ್ಷೆ, ಲಾಗಿನ್ ಎಲ್ಲ ಕೊಟ್ಟರೆ ವೈಟ್ ಬಾಕ್ಸ್. ಗುಮಾಸ್ತನಿಗೋ ಗ್ರಾಹಕನಿಗೋ ಇರುವಷ್ಟು ಅಧಿಕಾರ ಕೊಟ್ಟರೆ ಗ್ರೇ ಬಾಕ್ಸ್. ಕಡಿಮೆ ಖರ್ಚಿನಲ್ಲಿ ಹೆಚ್ಚು ತಿಳಿಯಬೇಕೆಂಬ ಸಣ್ಣ ಸಂಸ್ಥೆಗೆ ಗ್ರೇ ಬಾಕ್ಸ್ ಒಳ್ಳೆಯದು. ಹೊರಗಿನ ಗೋಡೆ ಹತ್ತುವುದರಲ್ಲೇ ದಿನ ಕಳೆಯುವ ಬದಲು, ಒಳಗೆ ಬಂದವನು ಎಲ್ಲಿಯವರೆಗೆ ಹೋಗಬಲ್ಲ ಎಂದು ನೋಡಬಹುದು.

ಒಬ್ಬ ಗುಮಾಸ್ತನ ಕಂಪ್ಯೂಟರ್ ಕಳ್ಳನ ಕೈಗೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಅಲ್ಲಿಂದ ಆತ ಲೆಕ್ಕದ ಸರ್ವರ್‌ಗೆ ಹೋಗಬಹುದೇ? ಬ್ಯಾಕಪ್ ಇಟ್ಟ ಡಿಸ್ಕ್‌ಗೆ ಹೋಗಬಹುದೇ? ಕಚೇರಿಗೆ ಬಂದವರಿಗೆ ಕೊಡುವ ವೈಫೈಯಿಂದ ಕ್ಯಾಷ್ ಕೌಂಟರಿನ ಕಂಪ್ಯೂಟರ್ ಕಾಣುತ್ತದೆಯೇ? ಎಲ್ಲವೂ ಒಂದೇ ಅಂಗಳದಲ್ಲಿದ್ದರೆ ಒಂದು ದಿಡ್ಡಿ ತೆರೆದರೂ ಕೋಟೆಯೇ ಹೋದಂತೆ.

ಮನುಷ್ಯರೂ ಬಾಗಿಲೇ

2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರೀಯ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಕಳವಾಯಿತು. ಕಳ್ಳರು ಅದಕ್ಕೂ ಮೊದಲು ಆ ಬ್ಯಾಂಕಿನ ಸಿಬ್ಬಂದಿಗೆ ಕೆಲಸ ಕೇಳುವ ಅರ್ಜಿಯ ವೇಷದಲ್ಲಿ ಇಮೇಲ್ ಕಳಿಸಿದ್ದರೆಂದು ಅಮೆರಿಕದ ತನಿಖೆಯಲ್ಲಿ ಹೊರಬಿತ್ತು. ಹಾಗಾಗಿ ಸಿಬ್ಬಂದಿಗೆ ನಕಲಿ ಇಮೇಲ್ ಕಳಿಸಿ ನೋಡುವುದೂ ಪರೀಕ್ಷೆಯ ಭಾಗವಾಗಿದೆ. ಆದರೆ ಒತ್ತಿದವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಚ್ಚಿದರೆ ಮುಂದಿನ ಸಲ ನಿಜವಾಗಿ ತಪ್ಪಿದವರು ಬಾಯಿ ಬಿಡುವುದಿಲ್ಲ. ಎಷ್ಟು ಜನ ಒತ್ತಿದರು ಎಂಬುದಕ್ಕಿಂತ, ಅನುಮಾನ ಬಂದು ಎಷ್ಟು ಜನ ತಕ್ಷಣ ತಿಳಿಸಿದರು ಎಂಬ ಲೆಕ್ಕ ಮುಖ್ಯ.

ನೂಲು ಕೊಡುವ ವ್ಯಾಪಾರಿಯ ಹೆಸರಿನಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಣ ಹಾಕಿ" ಎಂದು ಇಮೇಲ್ ಬಂದರೆ ನಿಮ್ಮ ಗುಮಾಸ್ತ ಏನು ಮಾಡುತ್ತಾರೆ? ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳುತ್ತಾರೆಯೇ? ಇದನ್ನು ಪರೀಕ್ಷಿಸಲು ಯಾವ ತಂತ್ರಾಂಶವೂ ಬೇಡ.

ರಜೆಯ ದಿನದ ಪರೀಕ್ಷೆ

ಈಗ ಕಾಸ್ಮಾಸ್ ಪ್ರಕರಣಕ್ಕೆ ಮರಳೋಣ. ಎಟಿಎಂಗೆ ಕಾರ್ಡ್ ಹಾಕಿದಾಗ ಆ ಯಂತ್ರ ನಿಮ್ಮ ಬ್ಯಾಂಕಿಗೆ ಕೇಳುತ್ತದೆ: ಕಾರ್ಡ್ ಸರಿಯೇ, ಖಾತೆಯಲ್ಲಿ ಹಣ ಇದೆಯೇ? ಈ ಪ್ರಶ್ನೆ ಒಯ್ದು ಉತ್ತರ ತರುವ ಮಧ್ಯವರ್ತಿಯೇ ಸ್ವಿಚ್. ಕಳ್ಳರು ಅಸಲಿ ಸ್ವಿಚ್ಚಿನ ಜಾಗದಲ್ಲಿ ತಮ್ಮದೊಂದು ನಕಲಿ ಸ್ವಿಚ್ ನಿಲ್ಲಿಸಿದರು. ಪ್ರಶ್ನೆ ಬ್ಯಾಂಕಿನ ಮುಖ್ಯ ಲೆಕ್ಕಕ್ಕೆ ತಲುಪಲೇ ಇಲ್ಲ. ನಕಲಿ ಸ್ವಿಚ್ಚೇ ಎಲ್ಲದಕ್ಕೂ "ಹೌದು, ಕೊಡು" ಎಂದಿತು. ಹಾಗಾಗಿ ಗ್ರಾಹಕರ ಖಾತೆಯಲ್ಲಿ ಒಂದು ಪೈಸೆಯೂ ಕಡಿಮೆಯಾಗಲಿಲ್ಲ, ನಷ್ಟವೆಲ್ಲ ಬ್ಯಾಂಕಿನದಾಯಿತು. ಸಹಕಾರಿ ಬ್ಯಾಂಕಿನ ನಷ್ಟ ಎಂದರೆ ಕೊನೆಗೆ ಸದಸ್ಯರ ನಷ್ಟವೇ.

ಇದೇ ಮಾದರಿಯ ಎಟಿಎಂ ಕಳವುಗಳ ಬಗ್ಗೆ ಅಮೆರಿಕ ಸರಕಾರ 2018ರ ಅಕ್ಟೋಬರ್‌ನಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಏಷ್ಯಾ ಮತ್ತು ಆಫ್ರಿಕಾದ ಬ್ಯಾಂಕುಗಳಲ್ಲಿ ಕಳ್ಳರ ವಶವಾದ ಸ್ವಿಚ್ ಸರ್ವರ್‌ಗಳು ತಯಾರಕರ ಬೆಂಬಲ ನಿಂತುಹೋದ ಹಳೆಯ ಆವೃತ್ತಿಗಳನ್ನು ಓಡಿಸುತ್ತಿದ್ದವು ಎಂದು ಅದರಲ್ಲಿತ್ತು. ಆದರೆ ಆ ಹಳೆಯ ಆವೃತ್ತಿಯ ದೋಷದಿಂದಲೇ ಒಳಗೆ ಬಂದರು ಎನ್ನಲು ಸಾಕ್ಷ್ಯವಿಲ್ಲ ಎಂದೂ ಇತ್ತು. ಬರೀ ತೇಪೆಗಳ ಪಟ್ಟಿ ನೋಡಿ ಸಮಾಧಾನಪಡುವವರು ಈ ಎರಡನೇ ಮಾತನ್ನು ಗಮನಿಸಬೇಕು.

ಇಂಥ ದಾಳಿಗೆ ತಕ್ಕ ಪರೀಕ್ಷೆಯ ಪ್ರಶ್ನೆಗಳೇ ಬೇರೆ. ಎಟಿಎಂಗಳಲ್ಲಿ ಕೊಟ್ಟ ಹಣ ಮತ್ತು ಲೆಕ್ಕದಲ್ಲಿ ಬರೆದ ಹಣ ಎಷ್ಟು ಹೊತ್ತಿಗೊಮ್ಮೆ ತಾಳೆಯಾಗುತ್ತದೆ? ಒಂದೇ ಗಂಟೆಯಲ್ಲಿ ಹತ್ತು ದೇಶಗಳಿಂದ ಬೇಡಿಕೆ ಬಂದರೆ ಯಾರಿಗೆ ಗಂಟೆ ಹೊಡೆಯುತ್ತದೆ? ಎರಡನೇ ಶನಿವಾರ ಆ ಗಂಟೆ ಹೊಡೆದರೆ ಎದ್ದು ಬರುವವರು ಯಾರು? ಎಲ್ಲ ಕಾರ್ಡ್ ವ್ಯವಹಾರ ನಿಲ್ಲಿಸುವ ಅಧಿಕಾರ ಅವರಿಗಿದೆಯೇ? ಒಂದು ಬಾಗಿಲಿನಲ್ಲಿ ಕಳವಾದರೆ ಉಳಿದ ಬಾಗಿಲುಗಳನ್ನೂ ಮುಚ್ಚುತ್ತೀರಾ? ಕೊನೆಯ ಪ್ರಶ್ನೆಯ ಬೆಲೆ ಕಾಸ್ಮಾಸ್‌ನಲ್ಲಿ ಕಾಣುತ್ತದೆ. ಶನಿವಾರದ ಕಳವಿನ ನಂತರ ಸೋಮವಾರ ಸ್ವಿಫ್ಟ್ ದಾರಿಯಲ್ಲಿ 13.92 ಕೋಟಿ ಹೋಯಿತಲ್ಲ!

ಹೀಗೆ ಮೊದಲೇ ಸಿಬ್ಬಂದಿಗೆ ತಿಳಿಸದೆ, ಇಡೀ ಸಂಸ್ಥೆ ಎಷ್ಟು ಬೇಗ ಎಚ್ಚರಗೊಳ್ಳುತ್ತದೆ ಎಂದು ನೋಡುವ ಪರೀಕ್ಷೆಗೆ ರೆಡ್ ಟೀಮ್ ಎನ್ನುತ್ತಾರೆ. ಕಳ್ಳ ಒಳಗೆ ಬರಬಲ್ಲನೇ ಎಂಬುದರ ಜೊತೆಗೆ, ಬಂದದ್ದು ನಮಗೆ ಗೊತ್ತಾಗುತ್ತದೆಯೇ ಎಂಬುದೂ ಇಲ್ಲಿ ಪ್ರಶ್ನೆ.

ಬೇರೆಯವರ ಸರ್ವರ್, ನಮ್ಮ ಹಣ

ನಮ್ಮ ಕಚೇರಿ ಭದ್ರವಾಗಿದ್ದರೆ ಸಾಕೇ? 2024ರ ಜುಲೈ ಕೊನೆಯಲ್ಲಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆಗಳು ಸ್ಥಗಿತವಾದವು. ಬಹುತೇಕ ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು. ಅವುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಕಂಪನಿಗೆ ರ‍್ಯಾನ್ಸಮ್‌ವೇರ್ ತಗುಲಿತ್ತು. ರಾಷ್ಟ್ರೀಯ ಪಾವತಿ ನಿಗಮ ಜುಲೈ 31ರಂದು ಆ ಕಂಪನಿಯ ಸಂಪರ್ಕವನ್ನು ಕಡಿದು, ತಪಾಸಣೆ ಮುಗಿದ ಮೇಲೆ ಆಗಸ್ಟ್ 1ರಂದು ಮತ್ತೆ ಜೋಡಿಸಿತು.

ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ ದಾಳಿ ಶುರುವಾದದ್ದು ಸಿ-ಎಡ್ಜ್ ಜೊತೆ ಕೆಲಸ ಮಾಡುವ ಮತ್ತೊಂದು ಕಂಪನಿಯ ಜೆಂಕಿನ್ಸ್ ಸರ್ವರಿನಿಂದ. ಜೆಂಕಿನ್ಸ್ ಎಂದರೆ ತಂತ್ರಾಂಶ ಕಟ್ಟುವವರು ಬಳಸುವ ಒಂದು ಸಾಧನ. ದಾಳಿಗೆ ಬಳಕೆಯಾದ ದೋಷ ಸಿವಿಇ-2024-23897. ಅದರ ತೇಪೆ 2024ರ ಜನವರಿ 24ರಂದೇ ಸಿಕ್ಕಿತ್ತು. ಇಂಥ ದೋಷವನ್ನು ಸ್ಕ್ಯಾನರ್ ಹಿಡಿಯಬಲ್ಲದು. ಆದರೆ ಯಾರ ಸ್ಕ್ಯಾನರ್? ಗ್ರಾಹಕ ಖಾತೆ ಇಟ್ಟ ಬ್ಯಾಂಕು ಒಂದು, ಅದರ ತಂತ್ರಾಂಶ ನಡೆಸುವವರು ಇನ್ನೊಬ್ಬರು, ಅವರಿಗೆ ಕೆಲಸ ಮಾಡಿಕೊಡುವವರು ಮತ್ತೊಬ್ಬರು. ಮೂರನೆಯವರ ದಿಡ್ಡಿ ತೆರೆದಿದ್ದರೆ ಮೊದಲನೆಯವರ ಎಟಿಎಂ ನಿಲ್ಲುತ್ತದೆ.

ಆದ್ದರಿಂದ ತಂತ್ರಾಂಶ ಕೊಡುವವರ ಜೊತೆ ಒಪ್ಪಂದ ಮಾಡುವಾಗಲೇ ಕೇಳಿ: ನಿಮ್ಮ ಕೊನೆಯ ಪರೀಕ್ಷೆ ಯಾವಾಗ ಆಯಿತು, ಸಿಕ್ಕ ದೋಷಗಳನ್ನು ಮುಚ್ಚಿದ್ದಕ್ಕೆ ಪುರಾವೆ ಏನು, ನಿಮ್ಮಲ್ಲಿ ಕಳವಾದರೆ ನಮಗೆ ಎಷ್ಟು ಗಂಟೆಯಲ್ಲಿ ತಿಳಿಸುತ್ತೀರಿ?

ಕಟ್ಟಳೆ ಏನು ಹೇಳುತ್ತದೆ?

ಕಾಸ್ಮಾಸ್ ಘಟನೆ ನಡೆದ ಎರಡು ತಿಂಗಳಲ್ಲಿ, 2018ರ ಅಕ್ಟೋಬರ್ 19ರಂದು, ರಿಸರ್ವ್ ಬ್ಯಾಂಕ್ ನಗರ ಸಹಕಾರಿ ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ಮೂಲ ಚೌಕಟ್ಟು ಹೊರಡಿಸಿತು. 2019ರ ಡಿಸೆಂಬರ್ 31ರಂದು ಬ್ಯಾಂಕುಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತು. ಡಿಜಿಟಲ್ ಸೇವೆ ಹೆಚ್ಚಿದಂತೆ ಪರೀಕ್ಷೆಯ ಹೊಣೆಯೂ ಹೆಚ್ಚುತ್ತದೆ.

ಪತಸಂಸ್ಥೆಗಳು ಬ್ಯಾಂಕುಗಳಲ್ಲ, ರಾಜ್ಯದ ಸಹಕಾರ ಇಲಾಖೆಯ ಕೆಳಗೆ ಬರುತ್ತವೆ. ರಿಸರ್ವ್ ಬ್ಯಾಂಕಿನ ಈ ಕಟ್ಟಳೆ ಅವುಗಳಿಗಿಲ್ಲ. ಬ್ಯಾಂಕ್ ಠೇವಣಿಗಿರುವ ಐದು ಲಕ್ಷದವರೆಗಿನ ವಿಮೆಯೂ ಅಲ್ಲಿನ ಠೇವಣಿಗಿಲ್ಲ. ಕಾಯುವ ಗೋಡೆ ಕಡಿಮೆ ಇರುವಲ್ಲೇ ಪರೀಕ್ಷೆ ಹೆಚ್ಚು ಬೇಕು. ವಾರ್ಷಿಕ ಸಭೆಯಲ್ಲಿ ಲಾಭಾಂಶ ಎಷ್ಟು ಎಂದು ಕೇಳುವ ಸದಸ್ಯರು, ಕಂಪ್ಯೂಟರ್ ಪರೀಕ್ಷೆ ಮಾಡಿಸಿದ್ದೀರಾ ಎಂದೂ ಕೇಳಬಹುದು.

ಭಾರತದ ಸೈಬರ್ ತುರ್ತು ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಪಟ್ಟಿ ಮಾಡಿದ ಬಗೆಯ ಸೈಬರ್ ಘಟನೆಗಳನ್ನು ಕಂಡುಬಂದ ಆರು ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಪರೀಕ್ಷೆ ಮಾಡಲು ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯೂ ಸರ್ಟ್-ಇನ್ ಜಾಲತಾಣದಲ್ಲಿದೆ.

ವರದಿ ಬಂತು, ಮುಂದೇನು?

ಕೆಲವರು ಸ್ಕ್ಯಾನರ್ ಉಗುಳಿದ ಇನ್ನೂರು ಪುಟಗಳನ್ನು ಹಾಗೇ ಮುದ್ರಿಸಿ ಪೆನೆಟ್ರೇಷನ್ ಟೆಸ್ಟ್ ಎಂದು ಕೊಡುವುದುಂಟು. ಒಳ್ಳೆಯ ವರದಿಯಲ್ಲಿ ಪ್ರತಿ ದೋಷಕ್ಕೂ ನಾಲ್ಕು ಮಾತು ಇರುತ್ತವೆ: ಎಲ್ಲಿ ಸಿಕ್ಕಿತು, ಹೇಗೆ ಸಾಬೀತಾಯಿತು, ಅದರಿಂದ ನಿಮ್ಮ ವ್ಯವಹಾರಕ್ಕೆ ಏನಾಗಬಹುದು, ಹೇಗೆ ಮುಚ್ಚಬೇಕು. ಮೊದಲ ಪುಟ ಮಾಲೀಕರಿಗೆ ಅರ್ಥವಾಗುವ ಭಾಷೆಯಲ್ಲಿರುತ್ತದೆ.

ಅದರ ಮುಂದೆ ನೀವು ಎರಡು ಕಾಲಂ ಎಳೆಯಬೇಕು: ಯಾರು ಮುಚ್ಚುತ್ತಾರೆ, ಯಾವ ತಾರೀಖಿನೊಳಗೆ. ಮುಚ್ಚಿದ ಮೇಲೆ ಅದೇ ಪರೀಕ್ಷಕರು ಮತ್ತೊಮ್ಮೆ ಎಳೆದು ನೋಡಬೇಕು. ಈ ಮರುಪರೀಕ್ಷೆ ದರದಲ್ಲಿ ಸೇರಿದೆಯೇ ಎಂದು ಮೊದಲೇ ಮಾತಾಡಿಕೊಳ್ಳಿ. ತಂತ್ರಾಂಶ ಮಾರಿದವರೇ ಅದರ ಪರೀಕ್ಷಕರೂ ಆಗಬಾರದು.

ಮುಚ್ಚದ ವರದಿ ಕಪಾಟಿನಲ್ಲಿದ್ದರೆ ಅದರಿಂದ ಅಪಾಯವೇ ಹೆಚ್ಚು. ಎಲ್ಲ ದಿಡ್ಡಿಗಳ ವಿಳಾಸವೂ ಒಂದೇ ಕಡೆ ಬರೆದಿಟ್ಟ ಹಾಗೆ. ಯಾರ ಕೈಗಾದರೂ ಸಿಕ್ಕರೆ ಗತಿ ಏನು?

ಖರ್ಚಿಲ್ಲದೆ ಈ ವಾರವೇ ಮಾಡಬಹುದಾದದ್ದು

ಹತ್ತು ಮಗ್ಗದ ಮಾಲೀಕರಿಗೆ, ಒಂದು ಅಡತಿ ಅಂಗಡಿಗೆ ದೊಡ್ಡ ಪರೀಕ್ಷೆ ಮಾಡಿಸಲು ಹಣ ಇರಲಿಕ್ಕಿಲ್ಲ. ಅವರೂ ಇಷ್ಟು ಮಾಡಬಹುದು:

1. ಅಂಗಡಿಯಲ್ಲಿ ಇಂಟರ್‌ನೆಟ್‌ಗೆ ಜೋಡಿಸಿದ ಪ್ರತಿ ವಸ್ತುವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಸಿಸಿಟಿವಿ, ಪ್ರಿಂಟರ್ ಬಿಡಬೇಡಿ.

2. ರೂಟರ್ ಮತ್ತು ಸಿಸಿಟಿವಿಯ ಪಾಸ್‌ವರ್ಡ್ ಬದಲಿಸಿ. ಬಿಟ್ಟುಹೋದವರ ಲಾಗಿನ್ ತೆಗೆಯಿರಿ.

3. ರಿಮೋಟ್ ಡೆಸ್ಕ್‌ಟಾಪ್ ಇಂಟರ್‌ನೆಟ್‌ಗೆ ನೇರವಾಗಿ ತೆರೆದಿದ್ದರೆ ಮುಚ್ಚಿಸಿ. ಬೇಕೇ ಬೇಕೆಂದರೆ ವಿಪಿಎನ್ ಮೂಲಕ, ಎರಡನೇ ಹಂತದ ಒಟಿಪಿ ಇಟ್ಟು ಬಳಸಿ.

4. ಲೆಕ್ಕದ ಬ್ಯಾಕಪ್ ಒಂದನ್ನು ಕಂಪ್ಯೂಟರಿನಿಂದ ಬಿಡಿಸಿ ಬೇರೆ ಕಡೆ ಇಡಿ. ಜೋಡಿಸಿಯೇ ಇಟ್ಟ ಡಿಸ್ಕ್‌ಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ. ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

5. ಖಾತೆ ಬದಲಾಗಿದೆ ಎಂಬ ಯಾವ ಇಮೇಲ್ ಬಂದರೂ ಹಳೆಯ ನಂಬರಿಗೆ ಫೋನ್ ಮಾಡದೆ ಹಣ ಕಳಿಸಬಾರದು ಎಂದು ನಿಯಮ ಮಾಡಿ.

6. ಹಣ ಹೋದದ್ದು ಕಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಈ ಸಂಖ್ಯೆಯನ್ನು ಕ್ಯಾಷ್ ಕೌಂಟರಿನ ಮೇಲೆ ಅಂಟಿಸಿಡಿ.

ದೊಡ್ಡ ಪರೀಕ್ಷೆಯ ಖರ್ಚನ್ನು ಹಂಚಿಕೊಳ್ಳಲೂ ದಾರಿ ಇದೆ. ಈ ಜಿಲ್ಲೆಗೆ ಸಹಕಾರ ಹೊಸದೇನಲ್ಲ. ಹಾಲು, ಸಕ್ಕರೆ, ನೂಲು, ಸಾಲ ಎಲ್ಲವನ್ನೂ ಕೂಡಿ ನಡೆಸಿದ ಊರುಗಳಿವು. ಒಂದು ಔದ್ಯೋಗಿಕ ವಸಾಹತಿನ ಇಪ್ಪತ್ತು ಕಾರ್ಖಾನೆಗಳು, ಒಂದು ತಾಲ್ಲೂಕಿನ ಹತ್ತು ಪತಸಂಸ್ಥೆಗಳು ಕೂಡಿ ಒಬ್ಬರೇ ಪರೀಕ್ಷಕರನ್ನು ಗೊತ್ತುಮಾಡಿದರೆ ತಲೆಗೆ ಬೀಳುವ ಖರ್ಚು ಕಡಿಮೆ. ಒಬ್ಬರಲ್ಲಿ ಸಿಕ್ಕ ದೋಷ ಉಳಿದವರಲ್ಲೂ ಇರುವುದೇ ಹೆಚ್ಚು, ಆದ್ದರಿಂದ ಕಲಿತ ಪಾಠವೂ ಹಂಚಿಕೆಯಾಗುತ್ತದೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಹಾಕುವುದು ಕಷ್ಟದ ಕೆಲಸವಲ್ಲ, ಒಂದು ಅಗಳಿ ಸಾಕು. ಆ ದಿಡ್ಡಿ ಎಲ್ಲಿದೆ ಎಂದು ಮೊದಲು ಗೊತ್ತಿರಬೇಕು, ಅಷ್ಟೇ. ಮುಂದಿನ ಎರಡನೇ ಶನಿವಾರಕ್ಕೆ ಮೊದಲು ನಿಮ್ಮ ಕಚೇರಿಯ ಬಾಗಿಲುಗಳನ್ನು ಒಮ್ಮೆ ಎಣಿಸಿ ನೋಡಿ.